ಅಪ್ಪ ಬೆಂಡು ಕಟ್ಟಿದ ಚಳಿಗಾಲ

ಫೋರ್ಕ್ಸ್, ವಾಷಿಂಗ್ಟನ್
೧೮ ಜನವರಿ ೧೯೯೬, ಗುರುವಾರ

ಪ್ರೀತಿಯ ತಮ್ಮ ವೆಂಡೆಲ್‌ಗೆ,

ಹೇಗಿದ್ದೀಯೋ? ಕೆಮ್ಮು ಹೋಯಿತೇ? ಅಲಾಸ್ಕಾದ ಏಡಿಗಳು ನಿನ್ನನ್ನು ಇಡಿಯಾಗಿ ಉಳಿಸಿವೆ ತಾನೆ? ಕಳಿಸಿದ ಉಣ್ಣೆಯ ಕಾಲುಚೀಲ ಹಾಕಿಕೊ, ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡಬೇಡ. ಇಲ್ಲಿ ಸೋಲ್ ಡಕ್ ನದಿಯ ನೆರೆ ಇಳಿದು ನೀರು ಹಸಿರಾಗಿದೆ, ಸ್ಟೀಲ್‌ಹೆಡ್ ಮೀನು ಸಮುದ್ರದಿಂದ ಏರಿ ಬರುತ್ತಿದೆ. ಶನಿವಾರ ಅಪ್ಪ ಮೀನು ಹಿಡಿಯಲು ಬರುವ ಇಬ್ಬರು ಗಿರಾಕಿಗಳನ್ನು ಕೂರಿಸಿಕೊಂಡು ಗೋಡೆಬಂಡೆಯ ಸೆಳವಿನಲ್ಲಿ ದೋಣಿ ಇಳಿಸಬೇಕು. ಅವರು ಹೋಗುವುದು ನನಗೆ ಬೇಡವೇ ಬೇಡ. ಯಾಕೆಂದು ಹೇಳುತ್ತೇನೆ, ತಾಳು.

ಈ ವರ್ಷ ಅಪ್ಪ ಗಾಳದ ದಾರಕ್ಕೆ ತೇಲುವ ಬೆಂಡು ಕಟ್ಟಿದ್ದಾರೆ ಎಂದರೆ ನಂಬುತ್ತೀಯಾ? ನೀನು ಕೆನಡಾದಿಂದ ಬೆಂಡು ತಂದಾಗ "ಕೂಸಿನ ಗಿಲಕಿ ಕಣೋ ಇದು, ತೊಟ್ಟಿಲಿಗೆ ಕಟ್ಟು ಹೋಗು" ಎಂದು ಹಂಗಿಸಿದ್ದರಲ್ಲ, ಅವರೇ! ಬೆಂಡು ನೋಡಲು ಕಣ್ಣಿದ್ದರೆ ಸಾಕು, ಮುಳುಗಿತೋ ಎಳೆದರಾಯಿತು. ಅಪ್ಪನ ಹಳೆಯ ವಿಧಾನ ಹಾಗಲ್ಲವಲ್ಲ. ಗಾಳಕ್ಕೆ ಮೀನಿನ ಮೊಟ್ಟೆ, ಮೇಲೆ ಚೂರು ಸೀಸ. ಆ ಸೀಸ ತಳದ ಕಲ್ಲುಗಳಿಗೆ ಟಕ್ ಟಕ್ ಎಂದು ತಾಗುತ್ತ ಹೋಗುವುದು ದಾರ ಹಿಡಿದ ಬೆರಳಿಗೆ ತಿಳಿಯಬೇಕು. ಟಕ್ ಟಕ್ ನಿಂತು ಮೆತ್ತಗಾದರೆ ಮೀನು ಬಾಯಿ ಹಾಕಿದೆ ಎಂದರ್ಥ. ಉದ್ದ ಕೋಲಿನಿಂದ ಗರಿಯಲ್ಲಿ ಕಟ್ಟಿದ ಹುಸಿ ಹುಳು ಬೀಸುವ ಲೈಮನ್ ಚಿಕ್ಕಪ್ಪನಿಗೆ ಎರಡೂ ಕಂಡರಾಗದು. "ನೀವು ಮೀನಿಗೆ ಊಟ ಹಾಕ್ತೀರಿ, ನಾನು ರೇಗಿಸ್ತೀನಿ. ಅದು ಎಳೆದ್ರೆ ಭುಜವೇ ಕಿತ್ತುಬರ್ಬೇಕು!" ಎನ್ನುವ ಅವರೂ ಈ ಸಲ "ಅಂತೂ ನಮ್ಮಣ್ಣನಿಗೆ ಬುದ್ಧಿ ಬಂತು" ಎಂದು ನಕ್ಕರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅಪ್ಪನೂ ನಕ್ಕರು.

ಭಾನುವಾರ ನಾನೂ ಅಪ್ಪನ ಜೊತೆ ದೋಣಿಯಲ್ಲಿದ್ದೆ. ಗೋಡೆಬಂಡೆಗೆ ಮುಂಚಿನ ತಿರುವಿನಲ್ಲಿ ಎಡಗಡೆಯ ಹುಟ್ಟು ಅವರ ಕೈಯಿಂದ ಜಾರಿತು. ಜಾರಲಿ, ಯಾರ ಕೈಯಿಂದ ಜಾರುವುದಿಲ್ಲ? ಆದರೆ ಅಪ್ಪ ಮುಷ್ಟಿ ಬಿಗಿಹಿಡಿದು ಎಳೆಯುತ್ತಲೇ ಇದ್ದರು, ವೆಂಡೆಲ್. ಆ ಮುಷ್ಟಿಯಲ್ಲಿ ಏನೂ ಇರಲಿಲ್ಲ. ಕಣ್ಣು ಮುಂದಿನ ಬಂಡೆಯ ಮೇಲೆ ನೆಟ್ಟಿತ್ತು. ದೋಣಿ ಅಡ್ಡ ತಿರುಗಿತು. "ಅಪ್ಪಾ, ಹುಟ್ಟು!" ಎಂದು ಕಿರುಚಿ, ದೋಣಿಯ ಕೊಂಡಿಯಲ್ಲಿ ಬಡಿದಾಡುತ್ತಿದ್ದ ಅದರ ಹಿಡಿಯ ಮೇಲೆ ನಾನೇ ಬಿದ್ದೆ. ಇಬ್ಬರೂ ಸೇರಿ ಎಳೆದೆವು. ಬಂಡೆ ದೋಣಿಯ ಮಗ್ಗುಲನ್ನು ಉದ್ದಕ್ಕೂ ಕೆರೆದು ಬಿಟ್ಟಿತು. ಕೆಳಗಿನ ಮಡುವಿಗೆ ಬಂದ ಮೇಲೆ ಅಪ್ಪ "ಒದ್ದೆ ಆಗಿತ್ತು ಕಣೇ, ಜಾರ್ತು ಅಷ್ಟೆ. ತಮ್ಮನಿಗೆ ಬರೆದು ತಲೆ ಕೆಡಿಸ್ಬೇಡ" ಎಂದರು. ನಾನು ಹೂಂ ಎಂದೆ.

ಚಿಕ್ಕಪ್ಪ ನಿನ್ನನ್ನು ಕೇಳುತ್ತಿರುತ್ತಾರೆ. ಹುಷಾರಾಗಿರು. ಆ ಹಾಳು ಸಮುದ್ರದಲ್ಲಿ ದೇವರು ನಿನ್ನನ್ನು ಹಡಗಿನ ಒಳಗೇ ಇಟ್ಟಿರಲಿ.

ನಿನ್ನ ಅಕ್ಕ,
ಕೊರಿನ್

ತಾ.ಕ.: ಅಪ್ಪನ ಬೆರಳುಗಳಿಗೆ ಸ್ಪರ್ಶವೇ ಗೊತ್ತಾಗುತ್ತಿಲ್ಲ. ಅದಕ್ಕೇ ಕಣೋ ಬೆಂಡು. ಡಾಕ್ಟರ ಹತ್ತಿರ ಹೋಗೋಣವೆಂದರೆ ನನ್ನ ಮಾತು ಕೇಳುವುದಿಲ್ಲ, ನಿನ್ನದಾದರೆ ಕೇಳುತ್ತಾರೆ. ಏಡಿ ಹಿಡಿಯುವ ಕಾಲ ಮುಗಿಯುವ ತನಕ ಕಾಯಬೇಡ, ಬಾ. ಇವತ್ತು ಬೆಳಿಗ್ಗೆ ಹುಟ್ಟುಗಳನ್ನು ಚಿಕ್ಕಪ್ಪನ ಮನೆಯಲ್ಲಿ ಬಚ್ಚಿಟ್ಟು ಬಂದೆ. ಅಪ್ಪ ದೋಣಿಯ ಹತ್ತಿರ ಹೋದರು, ಸುತ್ತ ನೋಡಿದರು. ಸೂರು ಹಾರಿಹೋಗುವಂತೆ ಬೈಯುತ್ತಾರೆಂದು ಕಾದು ನಿಂತೆ. ಒಳಗೆ ಬಂದು ಕಾಫಿ ಕುಡಿದರು. ಹುಟ್ಟು ಎಲ್ಲಿ ಎಂದು ಇನ್ನೂ ಕೇಳಿಲ್ಲ.