ಸೊಟ್ಟ ಪರದೆ

ಪ್ರೀತಿಯ ಅತ್ತೆಗೆ,

ಟಿಕೆಟ್ ಆಯಿತು. ಶುಕ್ರವಾರ ನಿಮ್ಮಣ್ಣ ತಾವು ಹುಟ್ಟಿದ ದೇಶಕ್ಕೆ ವಾಪಸು ಬರುತ್ತಿದ್ದಾರೆ.

ಹೊಲಿಗೆ ಅಂಗಡಿ ಮುಚ್ಚಿದ ಮೇಲೆ ಅಪ್ಪ ಇಲ್ಲಿ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ನನ್ನ ಕೋಟಿನ ಗುಂಡಿ ಜೋತಾಡಿದರೂ ಸುಮ್ಮನಿದ್ದರು. ಮೊನ್ನೆ, ಅವರಿಗಾಗಿ ನೀವು ಸಿದ್ಧಮಾಡಿದ ಕೋಣೆಯ ಫೋಟೊ ನೋಡಿದ್ದೇ ತಡ, ಕನ್ನಡಕ ಏರಿಸಿ, "ಈ ಪರದೆ ಯಾವ ಪುಣ್ಯಾತ್ಮ ಹೊಲಿದಿದ್ದು? ಅಂಚು ಸೊಟ್ಟಗಿದೆಯಲ್ಲೇ!" ಎಂದು ರೇಗಿದರು. ನನಗೆ ಹೋದ ಜೀವ ಬಂದಂತಾಯಿತು. ಹೊಲಿದವರು ನೀವೆಂದು ನಾನು ಬಾಯಿಬಿಡಲಿಲ್ಲ. ಅಪ್ಪ ಆಗಲೇ ಎದ್ದು ಕತ್ತರಿ ಹುಡುಕಿ ಕೈಚೀಲಕ್ಕೆ ತುರುಕಿಕೊಂಡರು. ವಿಮಾನದಲ್ಲಿ ಬಿಡುವುದಿಲ್ಲವೆಂದು ನಾನು ಪೆಟ್ಟಿಗೆಗೆ ಹಾಕಿದ್ದೇನೆ.

ಬಿಪಿ ಮಾತ್ರೆ ತಿಂಡಿಯಾದ ಮೇಲೆ ಕೊಡಿ. ಎಡಗಿವಿ ಮಂದ, ಬಲಗಡೆ ಕೂತು ಮಾತಾಡಿ.

ಇನ್ನೊಂದು ಮಾತು. ಅವರು ಬರುವುದರೊಳಗೆ ನಾಚಿಕೆಪಟ್ಟುಕೊಂಡು ಆ ಪರದೆಯನ್ನು ಸರಿಮಾಡಿಬಿಡಬೇಡಿ, ದಯವಿಟ್ಟು.

ಇಂತಿ,
ನಿಮ್ಮಣ್ಣನ ಮಗಳು