ಬಾಗಿಲ ಮೇಲಿನ ನಂಬರು

ಮೋಲ್ನ್‌ಡಾಲ್
11 ಮೇ 2025, ಭಾನುವಾರ

ಪ್ರೀತಿಯ ಇರಾ,

ಕನ್ನಡದಲ್ಲಿ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ನೀನು ಕನ್ನಡ ಓದುವುದು ನಿಧಾನ, ಒತ್ತಕ್ಷರ ಬಂದ ಕಡೆಯೆಲ್ಲ ನಿಲ್ಲುತ್ತೀಯ. ನನಗೆ ಈಗ ಬೇಕಾಗಿರುವುದೂ ಅದೇ. ಫೋನಿನಲ್ಲಾದರೆ ಮೂರನೆಯ ಮಾತಿಗೆ ನೀನು ಸ್ವೀಡಿಶ್‌ಗೆ ಹೋಗುತ್ತೀಯ, ಐದನೆಯದಕ್ಕೆ ಫೋನ್ ಇಟ್ಟುಬಿಡುತ್ತೀಯ.

ಮುಖ್ಯವಾದದ್ದನ್ನು ಮೊದಲೇ ಹೇಳುತ್ತೇನೆ. ನಿನ್ನ ಅಪ್ಪ ಸೊಲ್ಲೆಂಟುನಾದ ನಮ್ಮ ಮನೆ ಮಾರಿಲ್ಲ. ಕ್ರಿಸ್‌ಮಸ್ ರಜೆಯಲ್ಲಿ ನಾನು ನಿನಗೆ ಹೇಳಿದ್ದು ತಪ್ಪು. ಮನೆ ಇದೆ, ನಿನ್ನ ಕೋಣೆ ಇದೆ, ಅಪ್ಪ ಅಲ್ಲೇ ಇದ್ದಾರೆ.

ಇಷ್ಟು ಬರೆದು ಎದ್ದು ಕಿಟಕಿಯವರೆಗೆ ಹೋಗಿ ಬಂದೆ. ಕೆಳಗಿನ ಲಾಂಡ್ರಿ ಕೋಣೆಯಲ್ಲಿ ನನ್ನ ಸರದಿ ಹನ್ನೊಂದಕ್ಕೆ ಮುಗಿಯುತ್ತದೆ, ಅಷ್ಟರೊಳಗೆ ಬಟ್ಟೆ ತೆಗೆಯದಿದ್ದರೆ ಮೂರನೇ ಮಹಡಿಯ ಅಜ್ಜಿ ಚೀಟಿ ಅಂಟಿಸುತ್ತಾರೆ. ಈ ಪತ್ರ ಬರೆಯಲು ಕುಳಿತಾಗಲೆಲ್ಲ ನನಗೆ ಇಂಥದ್ದೊಂದು ಕೆಲಸ ನೆನಪಾಗುತ್ತದೆ. ಹಾಗೆ ಒಂದು ತಿಂಗಳಿಗಿಂತ ಹೆಚ್ಚು ಕಳೆದಿದೆ. ಅದನ್ನೂ ಹೇಳುತ್ತೇನೆ.

ಕಾಂಚನಾ ಆಂಟಿ ಗೊತ್ತಲ್ಲ, ಸೋಲ್ನಾದವರು? ಮಗಳನ್ನು ಈಜಿಗೆ ಬಿಡಲು ವಾರಕ್ಕೊಮ್ಮೆ ಸೊಲ್ಲೆಂಟುನಾದ ನಮ್ಮ ರಸ್ತೆಯಲ್ಲೇ ಹೋಗುತ್ತಾರೆ. ಡಿಸೆಂಬರ್ ಮೊದಲ ವಾರ ಫೋನ್ ಮಾಡಿ ಅದೂ ಇದೂ ಮಾತಾಡಿದರು, ಇಡುವ ಮೊದಲು, ನಿಮ್ಮ ರಸ್ತೆಯಲ್ಲಿ ಸಾಮಾನು ಸಾಗಿಸುವ ಲಾರಿ ನಿಂತಿತ್ತು, ಮನೆ ಕೊಟ್ಟುಬಿಟ್ಟಿರಾ ಎಂದು ಕೇಳಿದರು. ಕೆಲಸ ಹಿಡಿದು ನಾನು ಒಬ್ಬಳೇ ಇಲ್ಲಿಗೆ ಬಂದು ಆಗ ನಾಲ್ಕು ತಿಂಗಳು. ನನಗೇನೂ ಗೊತ್ತಿಲ್ಲ ಎಂದು ಹೇಳಲು ನಾಚಿಕೆಯಾಯಿತು. ಇನ್ನೂ ತೀರ್ಮಾನವಾಗಿಲ್ಲ ಎಂದೆ.

ಅಪ್ಪನಿಗೆ ಒಂದು ಫೋನ್ ಮಾಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಮಾಡಲಿಲ್ಲ. ಮರುದಿನ ಊಟದ ಬಿಡುವಿನಲ್ಲಿ, ಲ್ಯಾಬಿನ ಮೆಟ್ಟಿಲ ಮೇಲೆ ಕುಳಿತು ಭೂದಾಖಲೆ ಕಚೇರಿಗೆ ಫೋನ್ ಮಾಡಿದೆ. ಈ ದೇಶದಲ್ಲಿ ಅದು ಎಷ್ಟು ಸುಲಭ ಎಂದು ನಿನಗೆ ಗೊತ್ತಿಲ್ಲದಿರಬಹುದು. ಯಾವ ಮನೆ ಯಾರ ಹೆಸರಿನಲ್ಲಿದೆ, ಎಂದಿನಿಂದ ಇದೆ, ಎಷ್ಟು ಚದರ ಮೀಟರ್, ತೆರಿಗೆ ಲೆಕ್ಕಕ್ಕೆ ಅದರ ಬೆಲೆ ಎಷ್ಟು, ಎಲ್ಲವನ್ನೂ ಯಾರು ಬೇಕಾದರೂ ಕೇಳಬಹುದು. ನೀವು ಯಾರು, ಯಾಕೆ ಬೇಕು ಎಂದು ಯಾರೂ ಕೇಳುವುದಿಲ್ಲ. ತುಮಕೂರಿನ ನಗರಸಭೆಯಲ್ಲಿ ನಿನ್ನ ತಾತ ಬಿಲ್ ಕಲೆಕ್ಟರ್ ಆಗಿದ್ದಾಗ ಅಂಥ ಒಂದು ಪುಟದ ನಕಲಿಗೆ ಜನ ಮೂರು ದಿನ ಬೆಂಚಿನ ಮೇಲೆ ಕೂರುತ್ತಿದ್ದರು.

ಫೋನ್ ಎತ್ತಿಕೊಂಡ ಹುಡುಗಿ, ಮನೆಯ ವಿಳಾಸ ಹೇಳಿ ಸಾಕು, ನಾನೇ ಹುಡುಕುತ್ತೇನೆ ಎಂದಳು. ನಾನು ಬೇಡ ಎಂದೆ. ದಾಖಲೆಯ ನಂಬರೇ ಗೊತ್ತು ಎಂದೆ. ಬಿಲ್ ಕಲೆಕ್ಟರನ ಮಗಳಲ್ಲವೇ. ನಮ್ಮ ಬಡಾವಣೆಯ ಆ ತುಂಡಿಗೆ ದಾಖಲೆಯಲ್ಲಿ ಫಾಲ್ಕೆನ್ ಎಂದು ಹೆಸರು, ಗಿಡುಗ ಎಂದು ಅರ್ಥ. ನಮ್ಮ ಬಾಗಿಲ ಮೇಲೆ ಹನ್ನೆರಡು ಎಂದಿದೆ. ಫಾಲ್ಕೆನ್ ಹನ್ನೆರಡು ಎಂದೆ. ಅವಳು ಎರಡು ಸ್ವೀಡಿಶ್ ಹೆಸರು ಓದಿದಳು. ಗಂಡ ಹೆಂಡತಿ ಇರಬೇಕು, ಅರ್ಧ ಅರ್ಧ. ನವೆಂಬರ್ ಇಪ್ಪತ್ತೊಂಬತ್ತರಿಂದ. ವಾಸದ ಜಾಗ ತೊಂಬತ್ತೆಂಟು ಚದರ ಮೀಟರ್.

ನಮ್ಮ ಮನೆ ನೂರಿಪ್ಪತ್ತೊಂದು. ಹೊಸ ಅಳತೆ ಇರಬೇಕು ಎಂದುಕೊಂಡೆ. ಹಿಂದಿನ ಮಾಲೀಕರ ಹೆಸರೂ ಬೇಕೇ ಎಂದು ಅವಳು ಕೇಳಿದಳು. ಬೇಡ, ಅದು ನನಗೆ ಗೊತ್ತು ಎಂದೆ.

ಆಮೇಲಿನದು ನಿನಗೆ ಗೊತ್ತಿದೆ. ಕ್ರಿಸ್‌ಮಸ್ ಮರುದಿನ ಇದೇ ಮೇಜಿನ ಎದುರು ಕೂರಿಸಿಕೊಂಡು ಹೇಳಿದೆ. ನನ್ನ ರೂಮು ಎಂದು ನೀನು ಮೂರು ಸಲ ಕೇಳಿದೆ. ನೆಲಮಾಳಿಗೆಯಲ್ಲಿದ್ದ ನಿನ್ನ ಸ್ಕೇಟ್ಸ್, ಆ ಹಳದಿ ಟೇಬಲ್ ಲ್ಯಾಂಪು, ಭಾನುವಾರದ ಕನ್ನಡ ಪಾಠದ ಕಾಪಿ ಪುಸ್ತಕಗಳು, ಅವುಗಳನ್ನೆಲ್ಲ ಅಪ್ಪ ಏನು ಮಾಡಿದರು ಎಂದೆ ನೀನು. ಗೊತ್ತಿಲ್ಲ ಎಂದೆ ನಾನು. ಇಷ್ಟಕ್ಕೇ ನಿಲ್ಲಿಸಿದ್ದರೆ ನೀನು ಅಂದೇ ಅಪ್ಪನಿಗೆ ಫೋನ್ ಮಾಡಿ ಕೇಳುತ್ತಿದ್ದೆ. ನಾನು ಇನ್ನೊಂದು ಮಾತು ಸೇರಿಸಿದೆ. ನೀನಾಗಿ ಕೇಳಬೇಡ, ಅವರಾಗಿ ಹೇಳಲಿ, ಮಗಳಿಗೆ ಹೇಳುವಷ್ಟಾದರೂ ಮನಸ್ಸು ಇದೆಯೋ ನೋಡೋಣ ಎಂದೆ. ನೀನು ನನ್ನ ಮಾತು ಕೇಳಿದೆ. ಚಿಕ್ಕಂದಿನಲ್ಲೂ ಹಾಗೆ ಕೇಳಿದ್ದಿಲ್ಲ.

ಅಪ್ಪ ಹೇಗೆ ಹೇಳಿಯಾರು? ಹೇಳಲು ಏನೂ ಇರಲಿಲ್ಲ. ಜನವರಿಯಲ್ಲಿ ಅವರು ಹಿಮ ಎತ್ತಿ ಹಾಕಿ ಸೊಂಟ ಹಿಡಿದಿದೆ ಎಂದರೆ ನಿನಗೆ ನಾಟಕ ಎನ್ನಿಸಿತು. ಶನಿವಾರ ಮನೆಗೆ ಬಾ, ಬಿಸಿಬೇಳೆಬಾತ್ ಮಾಡುತ್ತೇನೆ ಎಂದಾಗ, ಯಾವ ಮನೆಗೆ ಎಂದು ನೀನು ಅವರನ್ನು ಕೇಳಲಿಲ್ಲ, ನನಗೆ ಫೋನ್ ಮಾಡಿ ಅತ್ತೆ. ನಾನು ಸಮಾಧಾನ ಮಾಡಿದೆ. ಆಮೇಲೆ ನೀನು ಅವರ ಫೋನ್ ಎತ್ತುವುದನ್ನೇ ಬಿಟ್ಟೆ. ನೀನಿರುವ ಉಪ್ಸಾಲಾದಿಂದ ಸೊಲ್ಲೆಂಟುನಾಕ್ಕೆ ರೈಲಿನಲ್ಲಿ ಒಂದು ಗಂಟೆಯೂ ಬೇಡ. ನೀನು ಹೋಗದೆ ನಾಲ್ಕು ತಿಂಗಳು ದಾಟಿತು.

ಫೆಬ್ರವರಿಯಲ್ಲಿ ಅಪ್ಪ ನನಗೆ ಫೋನ್ ಮಾಡಿದ್ದರು. ನಾನು ಇಲ್ಲಿಗೆ ಬಂದ ಮೇಲೆ ಅವರೊಡನೆ ಮಾತಾಡಿದ್ದೇ ಮೂರೋ ನಾಲ್ಕೋ ಸಲ. ಇರಾ ಯಾಕೆ ಫೋನ್ ಎತ್ತುತ್ತಿಲ್ಲ, ನನ್ನಿಂದ ಏನಾದರೂ ಆಯಿತೇ ಎಂದು ಕೇಳಿದರು. ಪರೀಕ್ಷೆ ಇರಬೇಕು ಎಂದೆ. ಹೌದಲ್ಲ, ಕೊನೇ ವರ್ಷ ಎಂದು ಅವರೇ ನನಗೆ ಸಮಜಾಯಿಷಿ ಕೊಟ್ಟರು.

ಬಟ್ಟೆ ತಂದೆ. ಅರ್ಧ ಒಣಗಿದೆ, ಕುರ್ಚಿಗಳ ಮೇಲೆ ಹರವಿದ್ದೇನೆ.

ಗೊತ್ತಾಗಿದ್ದು ಮಾರ್ಚ್ ಕೊನೆಯ ವಾರ. ಪ್ರತಿ ವರ್ಷ ಆ ಹೊತ್ತಿಗೆ ತೆರಿಗೆ ಇಲಾಖೆಯಿಂದ ಎಲ್ಲವನ್ನೂ ತುಂಬಿದ ನಮೂನೆ ಬರುತ್ತದೆ, ನೋಡಿ ಒಪ್ಪಿಗೆ ಒತ್ತಿದರೆ ಆಯಿತು. ಅದರಲ್ಲಿ ಮನೆಯ ಮೇಲಿನ ವಾರ್ಷಿಕ ಶುಲ್ಕವೂ ಇರುತ್ತದೆ. ನಮ್ಮಲ್ಲಿ ಮನೆಗೊಂದು ಕಂದಾಯದ ರಸೀದಿ. ಇಲ್ಲಿ ಹಾಗಲ್ಲ, ಮನೆಯಲ್ಲಿ ಯಾರ ಪಾಲು ಎಷ್ಟೋ ಅಷ್ಟು ಶುಲ್ಕ ಅವರವರ ನಮೂನೆಯಲ್ಲೇ ಬರುತ್ತದೆ. ಇಷ್ಟು ವರ್ಷ ಮೊಬೈಲಿನಲ್ಲಿ ಕಣ್ಣಾಡಿಸಿ ಒತ್ತುತ್ತಿದ್ದೆ. ಈ ಸಲ ಓದಿದೆ. ಸೊಲ್ಲೆಂಟುನಾದ ಮನೆ, ನನ್ನ ಪಾಲು ಅರ್ಧ.

ಮೊದಲು ಏನೂ ಅನ್ನಿಸಲಿಲ್ಲ. ವರ್ಷದ ಶುಲ್ಕವನ್ನು ಜನವರಿ ಒಂದರಂದು ಯಾರು ಮಾಲೀಕರೋ ಅವರ ಹೆಸರಿಗೆ ಹಾಕುತ್ತಾರೆ. ಇದು ಕಳೆದ ವರ್ಷದ್ದು, ನವೆಂಬರಿನಲ್ಲಿ ಮಾರಿದ್ದರೂ ನನ್ನ ಹೆಸರಿಗೇ ಬರುತ್ತದೆ. ನಿಯಮ ನನಗೆ ಗೊತ್ತಿತ್ತು, ಆದ್ದರಿಂದ ಸಮಾಧಾನವಾಗಿ ಮುಂದಕ್ಕೆ ಹೋದೆ. ಮತ್ತೆ ಹಿಂದಕ್ಕೆ ಬಂದೆ. ಮನೆಯ ಹೆಸರಿನ ಮುಂದೆ ಫಾಲ್ಕೆನ್ ಏಳು ಎಂದಿತ್ತು.

ಮಾರಿದರೆ ಮಾಲೀಕರು ಬದಲಾಗುತ್ತಾರೆ. ಮನೆಯ ನಂಬರು ಬದಲಾಗುವುದಿಲ್ಲ.

ಮತ್ತೆ ಫೋನ್ ಮಾಡಿದೆ. ಈ ಸಲ ರಸ್ತೆಯ ವಿಳಾಸ ಹೇಳಿದೆ. ಆ ಕಡೆಯವನು ನಿಧಾನವಾಗಿ ಓದಿದ. ನೀವು ಹೇಳುವ ಮನೆ ದಾಖಲೆಯಲ್ಲಿ ಫಾಲ್ಕೆನ್ ಏಳು, ಅರ್ಧ ಬಾಲಚಂದ್ರ, ಅರ್ಧ ಮೈತ್ರೇಯಿ, ಹದಿನಾಲ್ಕು ವರ್ಷದಿಂದ. ನಮ್ಮ ಹೆಸರುಗಳನ್ನು ಅವನು ಉಚ್ಚರಿಸಿದ ರೀತಿಗೆ ಬೇರೆ ದಿನವಾದರೆ ನಗು ಬರುತ್ತಿತ್ತು. ಫಾಲ್ಕೆನ್ ಹನ್ನೆರಡು ಯಾವುದು ಎಂದೆ. ಅದೇ ರಸ್ತೆಯ ತಿರುವಿನ ಮನೆ ಎಂದ. ಬೆರಿತ್ ಅವರ ಮನೆ. ನಿನಗೆ ದಾಲ್ಚಿನ್ನಿ ಬನ್ ಕೊಡುತ್ತಿದ್ದ ಬೆರಿತ್. ಮಂಡಿ ನೋವಿಗೆ ಮೆಟ್ಟಿಲು ಆಗದೆ ಅವರು ಫ್ಲ್ಯಾಟಿಗೆ ಹೋಗಿದ್ದಾರೆ. ಕಾಂಚನಾ ನೋಡಿದ್ದು ಅವರ ಲಾರಿ.

ಬಾಗಿಲ ಮೇಲಿನ ನಂಬರು ಪೋಸ್ಟ್‌ಮ್ಯಾನ್‌ಗೆ, ಪುಸ್ತಕದ ನಂಬರು ಸರ್ಕಾರಕ್ಕೆ, ಎರಡನ್ನೂ ಬೆರೆಸಿದವನು ಕೆಟ್ಟ ಎಂದು ನಿನ್ನ ತಾತ ಹೊಸ ಹುಡುಗರಿಗೆ ಹೇಳಿಕೊಡುತ್ತಿದ್ದರು. ಅವರೂ ಒಮ್ಮೆ ಬೆರೆಸಿದ್ದರು. ಯಾರದೋ ಬಾಕಿ ಕಂದಾಯದ ನೋಟಿಸನ್ನು ಒಬ್ಬ ಹೊಲಿಗೆ ಮೇಷ್ಟರ ಬಾಗಿಲಿಗೆ ಅಂಟಿಸಿ ಬಂದಿದ್ದರು. ತಪ್ಪು ಗೊತ್ತಾದಾಗ ಕಚೇರಿಯ ಜವಾನನನ್ನು ಕಳಿಸಬಹುದಿತ್ತು. ತಾವೇ ಹೋದರು, ನನ್ನನ್ನೂ ಸೈಕಲ್ಲಿನ ಹಿಂದೆ ಕೂರಿಸಿಕೊಂಡು. ಬೀದಿಯ ಜನ ನೋಡುತ್ತಿರುವಾಗ ಒದ್ದೆ ಬಟ್ಟೆಯಿಂದ ಅಂಟು ನೆನೆಸಿ ನೆನೆಸಿ ಕಿತ್ತರು. ಅಂಟಿಸಿದವನೇ ಕೀಳಬೇಕು, ಅಂಟಿಸಿದ ಮರುದಿನವೇ ಕೀಳಬೇಕು ಎಂದು ವಾಪಸ್ಸು ಬರುವಾಗ ಹೇಳಿದರು. ನಾನು ಆರು ವಾರ ತಡ ಮಾಡಿದೆ.

ಆ ಆರು ವಾರದಲ್ಲಿ ನೀನು ಎರಡು ಸಲ ಅಪ್ಪನ ಬಗ್ಗೆ ಕೆಟ್ಟದಾಗಿ ಮಾತಾಡಿದೆ. ನಾನು ಕೇಳಿಸಿಕೊಂಡೆ. ಏಪ್ರಿಲ್ ಹದಿನೈದರಂದು ನೀನು ಫೋನ್ ಮಾಡಿ ನಿನ್ನ ಪದವಿ ಸಮಾರಂಭದ ವಿಷಯ ಹೇಳಿದೆ, ಒಬ್ಬೊಬ್ಬರಿಗೆ ಇಬ್ಬರೇ ಅತಿಥಿಗಳು, ಒಂದು ಜಾಗ ನನಗೆ, ಇನ್ನೊಂದು ನಿನ್ನ ಗೆಳೆಯ ಯಶ್‌ಗೆ ಎಂದೆ. ಆಗಲೂ ನಾನು ಬಾಯಿ ಬಿಡಲಿಲ್ಲ. ಆ ರಾತ್ರಿಯಿಂದ ಸರಿಯಾಗಿ ಕೂತು ಊಟ ಮಾಡಿಲ್ಲ, ನಿಂತೇ ತಿನ್ನುತ್ತೇನೆ.

ಮೇ ಒಂದರ ರಜೆಗೆ ರೈಲು ಹತ್ತಿ ಸೊಲ್ಲೆಂಟುನಾಕ್ಕೆ ಹೋದೆ. ಯಾರಿಗೂ ಹೇಳಿರಲಿಲ್ಲ. ಬೆರಿತ್ ಮನೆಯ ಅಂಗಳದಲ್ಲಿ ಮಗುವಿನ ತಳ್ಳುಗಾಡಿ ಇತ್ತು. ನಮ್ಮ ಬಾಗಿಲಿನ ಎದುರು ನಿಂತು, ಚೀಲದಲ್ಲಿ ಕೀ ಇದ್ದರೂ, ಬೆಲ್ ಒತ್ತಿದೆ. ಅಪ್ಪ ಬಾಗಿಲು ತೆಗೆದು ನನ್ನನ್ನೊಮ್ಮೆ ನೋಡಿದರು, ಬೀಗವನ್ನೊಮ್ಮೆ ನೋಡಿದರು.

"ಕೀ ಕಳ್ಕೊಂಡ್ಯಾ?" ಎಂದರು.

ಕಾಫಿ ಮಾಡಿಕೊಟ್ಟರು. ನಾನು ಸಕ್ಕರೆ ಬಿಟ್ಟಿರುವುದು ಅವರಿಗೆ ಗೊತ್ತಿಲ್ಲ, ಹಾಕಿದ್ದರು, ಕುಡಿದೆ. ಹೋದ ವರ್ಷ ಇಲ್ಲಿಯ ಕೆಲಸದ ವಿಷಯ ಹೇಳಿದಾಗ ಅವರು ನಿನ್ನಿಷ್ಟ ಎಂದು ಹೇಳಿ, ಪಾತ್ರೆ ತೊಳೆಯುವ ಯಂತ್ರಕ್ಕೆ ತಟ್ಟೆ ಜೋಡಿಸುತ್ತಲೇ ಇದ್ದರು. ಹೋಗಬೇಡ ಎನ್ನಲಿಲ್ಲ, ನಾನೂ ಬರುತ್ತೇನೆ ಎನ್ನಲಿಲ್ಲ. ಈಗ ಅದೇ ಯಂತ್ರದ ಪಕ್ಕದಲ್ಲಿ ನಿಂತು ಫಾಲ್ಕೆನ್ ಹನ್ನೆರಡರ ಕಥೆ ಹೇಳಿದೆ. ಅವರು ನಕ್ಕರು. ಬಿಲ್ ಕಲೆಕ್ಟರ್ ಮಗಳು ಎಂದು ಎರಡು ಸಲ ಹೇಳಿ ನಕ್ಕರು. ಬೆರಿತ್ ಹೊರಟ ದಿನ ನಿನಗೆ ಫೋನ್ ಮಾಡಿದ್ದೆ, ನೀನು ಎತ್ತಲಿಲ್ಲ ಎಂದರು. ಆಮೇಲೆ ನಗು ನಿಂತಿತು.

"ಇರಾಗೆ ಹೇಳಿದ್ಯಾ?"

ಹೌದು ಎಂದೆ. ಅವರು ಎದ್ದು ಹೋಗಿ ನಿನ್ನ ಕೋಣೆಯ ಬಾಗಿಲು ತೆರೆದು ನಿಂತರು. ಲ್ಯಾಂಪು ಅಲ್ಲೇ ಇದೆ. ಸ್ಕೇಟ್ಸಿನ ಅಂಚನ್ನು ಸಾಣೆ ಹಿಡಿಸಿ ತಂದು ಮಂಚದ ಕೆಳಗೆ ಇಟ್ಟಿದ್ದಾರೆ, ಜನವರಿಯಲ್ಲಿ ನೀನು ಬರುತ್ತೀಯ ಎಂದು. ನನ್ನನ್ನು ಬೈಯಲಿಲ್ಲ. ಪರೀಕ್ಷೆ ಅಂದ್ಕೊಂಡಿದ್ದೆ ಎಂದು ಅಷ್ಟೇ ಹೇಳಿದರು. ಸಂಜೆಯ ರೈಲಿಗೆ ನನ್ನನ್ನು ಬಿಟ್ಟು ಹೋದರು.

ಈಗ ನಿನ್ನಲ್ಲಿ ಒಂದು ಕೇಳಿಕೆ. ಅತಿಥಿಗಳ ಹೆಸರು ಕೊಡಲು ಹದಿನಾರನೇ ತಾರೀಕು ಕೊನೆ ಎಂದು ನೀನು ಹೇಳಿದ್ದೆ. ನಾಳೆ ಬೆಳಿಗ್ಗೆ ಇದನ್ನು ಪೆಟ್ಟಿಗೆಗೆ ಹಾಕಿದರೆ ಬುಧವಾರ ನಿನಗೆ ಸಿಗಬೇಕು. ನನ್ನ ಹೆಸರು ತೆಗೆದು ಅಪ್ಪನ ಹೆಸರು ಕೊಡು. ಯಶ್‌ನ ಜಾಗ ಕಿತ್ತುಕೊಳ್ಳಬೇಡ, ಅವನದೇನೂ ತಪ್ಪಿಲ್ಲ. ಅಪ್ಪ ಇದನ್ನು ಕೇಳಿಲ್ಲ, ಸಮಾರಂಭ ಇದೆ ಎಂಬುದೇ ಅವರಿಗೆ ಗೊತ್ತಿಲ್ಲ. ಅದನ್ನು ನೀನೇ ಹೇಳಬೇಕು. ಮೊದಲ ರಿಂಗಿಗೇ ಎತ್ತುತ್ತಾರೆ.

ನನ್ನ ಮೇಲೆ ಸಿಟ್ಟು ಬಂದರೆ ಬರಲಿ. ಬೈಯಬೇಕೆನ್ನಿಸಿದರೆ ಸ್ವೀಡಿಶ್‌ನಲ್ಲೇ ಬೈ, ಪೂರ್ತಿ ಕೇಳುತ್ತೇನೆ.

ನಿನ್ನ
ಅಮ್ಮ

ತಾ.ಕ.: ಲಕೋಟೆ ಮುಚ್ಚಿ ಮತ್ತೆ ತೆರೆದಿದ್ದೇನೆ, ಅದಕ್ಕೇ ಅಂಟು ಪಟ್ಟಿ. ಓದುತ್ತಾ ನಿನಗೆ ಒಂದು ಪ್ರಶ್ನೆ ಬಂದಿರುತ್ತದೆ. ಮನೆಯಲ್ಲಿ ಅರ್ಧ ಅಮ್ಮನದು, ಅಮ್ಮನ ಸಹಿ ಇಲ್ಲದೆ ಅಪ್ಪ ಅದನ್ನು ಹೇಗೆ ಮಾರಿಯಾರು? ಮಾರಲು ಆಗುವುದಿಲ್ಲ. ಕೊಳ್ಳುವಾಗ ಇಬ್ಬರೂ ಸಹಿ ಹಾಕಿದ್ದೆವು, ಕೊಡುವಾಗಲೂ ಇಬ್ಬರೂ ಹಾಕಬೇಕು. ಇದು ನನಗೆ ಆ ದಿನ ಲ್ಯಾಬಿನ ಮೆಟ್ಟಿಲ ಮೇಲೆ ಕುಳಿತಾಗಲೇ ಗೊತ್ತಿತ್ತು. ನಂಬರು ತಪ್ಪಿದ್ದು ನಿಜ, ಆದರೆ ಅದನ್ನು ನಾನು ನಂಬಿದ್ದು ತಪ್ಪಿನಿಂದಲ್ಲ, ನಂಬಬೇಕೆನ್ನಿಸಿ. ಅಪ್ಪ ಮನೆ ಮಾರಿದ್ದಾರೆ ಎಂದಾದರೆ, ಬಿಟ್ಟುಹೋದವಳು ನಾನಲ್ಲ ಎಂದು ನಿನ್ನ ಎದುರು ಹೇಳಬಹುದಿತ್ತು. ಅಪ್ಪ ಈ ಪ್ರಶ್ನೆ ಕೇಳಲಿಲ್ಲ. ಕಾಫಿ ಕುಡಿಯುವಾಗ ಅದು ಅವರಿಗೂ ಹೊಳೆಯಿತು, ಮುಖದಲ್ಲಿ ಕಂಡಿತು. ನನಗೆ ಮೊದಲೇ ಗೊತ್ತಿತ್ತು ಎಂಬುದನ್ನು ಅವರಿಗೆ ಹೇಳುವುದೋ ಬಿಡುವುದೋ ನಿನಗೆ ಬಿಟ್ಟದ್ದು. ಈ ಸಲ ನಾನು ಬೇಡ ಎನ್ನುವುದಿಲ್ಲ.