ಭಾರ ಬೀಳುವ ಕಾಳು

ಜನವರಿ 6, ಬೆಳಿಗ್ಗೆ
ಅವರೆಕಾಳು ಹಿತುಕುತ್ತಿದ್ದೆ. ಮೊಮ್ಮಗಳು ಧನುಶ್ರೀಯದು ಪಕ್ಕದಲ್ಲೇ ಸ್ಪ್ಯಾನಿಷ್ ಗಿಣಿಪಾಠ. ಶುಕ್ರವಾರ ಇಂದಿರಾನಗರದ ಕ್ಲಾಸಿನಲ್ಲಿ ಬಾಯಿಪರೀಕ್ಷೆ. ಪಾಸಾದರೆ ಅಲ್ಲೇ ಟೀಚರ್ ಕೆಲಸ. ಎರಡು ಸಲ ಫೇಲ್. ಇದೇ ಕೊನೇ ಚಾನ್ಸು.
“ಎಲ್ಲಾನೂ ಒಂದೇ ತೂಕದಲ್ಲಿ ಹೇಳ್ತೀಯ ಅಂತಾರೆ ಪ್ರಿಯದರ್ಶಿನಿ ಮೇಡಂ.”
“ಸರಿಯಾಗೇ ಹೇಳವ್ರೆ. ಸೊಪ್ಪು ಮಾರೋಳ ಕೂಗಲ್ಲೂ ನಿನಗಿಂತ ಏರಿಳಿತ ಐತೆ.”
ಮುಖ ಊದಿಸಿಕೊಂಡು ಎದ್ದುಹೋದಳು.

ಜನವರಿ 7
ಅವಳನ್ನೇ ಕೇಳಿ ತಿಳಿದುಕೊಂಡೆ. ಕ್ರಿಯಾಪದವನ್ನು ತುಂಡು ಮಾಡಬೇಕು, ಒಂದು ತುಂಡಿನ ಮೇಲೆ ಭಾರ ಹಾಕಬೇಕು, ಅಂದರೆ ಒತ್ತಿ ಹೇಳಬೇಕು. ಕೊನೆಗೆ ಸ್ವರ ಬಂದರೆ ಕೊನೇ ತುಂಡಿನ ಹಿಂದಿನದಕ್ಕೆ. ‘ರ್’ ಬಂದರೆ ಕೊನೆಯದಕ್ಕೇ.
ತುಂಡಿಗೊಂದು ಅವರೆಕಾಳು ಇಟ್ಟೆ. ಭಾರದ ಕಡೆ ಸಿಪ್ಪೆ ಹಿತುಕಿದ್ದು. ಕಾನ್-ತೊ, ಹಾಡುತ್ತೇನೆ: ಮೊದಲ ಕಾಳು. ಕನ್-ತಾರ್, ಹಾಡುವುದು: ಎರಡನೆಯದು. ಹುಡುಗಿ ಕಾಳು ಮುಟ್ಟಿ ಮುಟ್ಟಿ ಹೇಳಿದಳು. ಭಾರ ಬಿತ್ತು. ನಾನು ಎರಡನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು...

ಜನವರಿ 9
“ಸ್ಪೇನಲ್ಲಿ ಮುದುಕೀರು ಬಯ್ಯೋವಾಗ್ಲೂ ಹಿಂಗೇ ಎಣಿಸ್ತಾರೇನೇ?”
“ಅವ್ರಿಗೆ ತಾನಾಗೇ ಬರುತ್ತೆ ಅಜ್ಜಿ. ನಿಂಗೆ ಬೈಗುಳ ಬಂದಂಗೆ.”
ಇರಬಹುದು. ಆದರೂ ಎಲ್ಲಿ ಭಾರ ಹಾಕಬೇಕೆಂದು ಮೊದಲು ಯಾರು ಹೇಳಿದರೋ.
ನಾಳೆ ಅವಳ ಮೊದಲ ಮಾತೇ ‘ಎಸ್ತುದಿಯೊ’, ಓದುತ್ತೇನೆ ಎಂದು. ಕನ್ನಡದಲ್ಲಿ ಬರೆದು ಎಣಿಸಿದೆ. ಎ-ಸ್ತು-ದಿ-ಯೊ. ನಾಲ್ಕು ಕಾಳು. ಭಾರ ‘ದಿ’ ಮೇಲೆ. ಹತ್ತು ಸಲ ಹೇಳಿಸಿದೆ.

ಜನವರಿ 10, 9:20
ಧನು ಹೋದಳು. ಟ್ಯಾಬ್ ಮನೆಯಲ್ಲೇ ಇದೆ. ಮೇಡಂ ಕಳಿಸಿದ ವಾಯ್ಸ್ ಮೆಸೇಜನ್ನು ಸುಮ್ಮನೆ ಹಾಕಿ ಕೇಳಿದೆ. ಎಸ್-ತೂ-ದ್ಯೊ. ‘ದ್ಯೊ’ ಒಂದೇ ಉಸಿರು. ಮೂರೇ ತುಂಡು. ಭಾರ ‘ತು’ ಮೇಲೆ. ನಾಲ್ಕು ಸಲ ಕೇಳಿದೆ, ಬದಲಾಗಲಿಲ್ಲ.
ಕನ್ನಡದ ಅಕ್ಷರ ಎಣಿಸಿ ಕೆಡಿಸಿದ್ದೇನೆ. ಗೊತ್ತಿದ್ದ ಹುಡುಗಿ ಕೂಡ ನನ್ನನ್ನೇ ನಂಬಿದಳು.

9:50
ತಪ್ಪು ಒಪ್ಪಿಕೊಂಡು ಅಭ್ಯಾಸವಿಲ್ಲ. ಅರ್ಧ ಗಂಟೆ ಫೋನ್ ಹಿಡಿದು ಕೂತಿದ್ದೆ. ಕೊನೆಗೆ ಮಾಡಿದೆ.
“ನಾನ್ ಹೇಳ್ಕೊಟ್ಟಿದ್ದು ತಪ್ಪು ಕಣೇ. ಮೂರೇ ತುಂಡು. ‘ತು’ ಮೇಲೆ ಹಾಕು.”
“ಒಳಗೆ ಕರೀತಿದ್ದಾರೆ ಅಜ್ಜಿ. ಈಗ ಹೇಳ್ತೀಯಾ?”
ಕಟ್ ಆಯಿತು. ಪೂರ್ತಿ ಕೇಳಿಸಿಕೊಂಡಳೋ ಇಲ್ಲವೋ.

1:40
ಊಟ ಸೇರಲಿಲ್ಲ. ಗೇಟ್ ಸದ್ದಾಯಿತು. ಅವಳದೇ ಚಪ್ಪಲಿ. ಸೋತ ದಿನ ಒಂದೊಂದೇ ಮೆಟ್ಟಿಲು ಎಣಿಸಿಕೊಂಡು ಬರುವವಳು. ಇವತ್ತು ಎರಡೆರಡು ಹಾರಿ —